ಏರಿನಲ್ಲಿ ನಿಲ್ಲದ ಕಾರು

"ಆ ಒದ್ದೆ ಬಟ್ಟೆ ತೆಗೀರಿ. ಅದಕ್ಕೇನು ಜ್ವರ ಬಂದಿದೆಯಾ?"

ಬಾನೆಟ್ಟಿನೊಳಗೆ ತಲೆ ಹಾಕಿಕೊಂಡಿದ್ದವನು ಬೆಚ್ಚಿ ಎದ್ದ. ಎದ್ದ ರಭಸಕ್ಕೆ ತಲೆ ತಗಡಿಗೆ ಬಡಿಯಿತು. ಹಿಂದೆ ಎರಡು ಬಸ್ಸು, ಒಂದು ಹಾಲಿನ ವ್ಯಾನು ಒಟ್ಟಿಗೇ ಹಾರನ್ ಹೊಡೆಯುತ್ತಿದ್ದವು. ಬೆಳಗ್ಗೆ ಒಂಬತ್ತೂವರೆ, ನಾಲ್ಕು ರಸ್ತೆ ಕೂಡುವ ಜಾಗ. ಅರ್ಧ ಅಂಚಿಗೆ ಸರಿದು ನಿಂತಿದ್ದದ್ದು ಐವತ್ತೈದು ವರ್ಷದ, ಗಿಳಿಹಸಿರು ಬಣ್ಣದ ಕಾರು.

ಎದುರಿಗೆ ನಿಂತವಳ ತೋಳಿನ ತನಕ ಗ್ರೀಸು. ಕಿವಿಯ ಹಿಂದೆ ಪೆನ್ಸಿಲ್ಲು. ಅವನು ಅವಳನ್ನು ನೋಡಿದ, ತನ್ನ ಕೈಯಲ್ಲಿದ್ದ ಬಟ್ಟೆ ನೋಡಿದ.

"ಕಾಯಿಲ್ ಬಿಸಿಯಾಗುತ್ತೆ. ಹತ್ತು ನಿಮಿಷ ಒದ್ದೆ ಬಟ್ಟೆ ಹಾಕಿದರೆ ಸರಿ ಹೋಗುತ್ತೆ. ಅಮ್ಮ ಮೊದಲಿಂದ ಹೀಗೇ ಮಾಡೋದು."

"ಹತ್ತು ನಿಮಿಷ ಕಾಯದೆ ಯಾವತ್ತಾದರೂ ಕೀ ತಿರುಗಿಸಿದ್ದೀರಾ?"

ಅವನು ಯೋಚಿಸಿದ. ಇಲ್ಲ ಎಂದು ತಲೆಯಾಡಿಸಿದ.

"ಈಗ ತಿರುಗಿಸಿ."

ಅವನು ಅನುಮಾನದಿಂದಲೇ ಕೂತು ಕೀ ತಿರುಗಿಸಿದ. ಕಾರು ಒಂದೇ ಸಲಕ್ಕೆ ಶುರುವಾಯಿತು, ನಿಂತೇ ಇರಲಿಲ್ಲವೇನೋ ಎಂಬಂತೆ!

"ಬಿಸಿ ಆಗಿದ್ದರೆ ಇಷ್ಟು ಬೇಗ ಆರುತ್ತಿರಲಿಲ್ಲ," ಎಂದಳು ಅವಳು. "ಎದುರಿನದೇ ನಮ್ಮ ಗ್ಯಾರೇಜು. ಬೇಕಿದ್ದರೆ ಒಳಗೆ ತನ್ನಿ. ಬೇಡವಾದರೆ ಬಟ್ಟೆ ಒಗೆದು ಇಟ್ಟುಕೊಳ್ಳಿ, ನಾಳೆಗೂ ಬೇಕಾಗುತ್ತೆ."

ಅವನಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ನಗು. ಅದನ್ನು ನುಂಗಿಕೊಂಡು ಕಾರನ್ನು ಗ್ಯಾರೇಜಿಗೆ ತಿರುಗಿಸಿದ.

*

ಗ್ಯಾರೇಜಿನಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದು ಕಿಡಿ ಎಂದು. ಅಪ್ಪ ಇಟ್ಟ ಹೆಸರು. ಏಳು ವರ್ಷದವಳಿದ್ದಾಗ ಪ್ಲಗ್ಗಿನ ವೈರ್ ಮುಟ್ಟಿ ಶಾಕ್ ಹೊಡೆಸಿಕೊಂಡಿದ್ದಳು. ಅತ್ತು ಮುಗಿಸಿದ ಮೇಲೆ, ಯಾಕೆ ಹೊಡೆಯಿತು ಎಂದು ಕೇಳಿದ್ದಳು. ಅಪ್ಪ ಅವತ್ತು ಕಲಿಸಲು ಶುರು ಮಾಡಿದವರು, ಕೈ ನಡುಗಲಾರಂಭಿಸುವವರೆಗೂ ನಿಲ್ಲಿಸಲಿಲ್ಲ. ಈಗ ಅವರು ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಎಂಜಿನ್ನಿನ ಸದ್ದು ಕೇಳಿಯೇ ಯಾವ ಕಾರು ಬಂತೆಂದು ಹೇಳುತ್ತಾರೆ.

ಅವತ್ತೂ ಹೇಳಿದರು. "ಟ್ಯಾಕ್ಸಿ ಅಕ್ಕನ ಕಾರಲ್ವಾ ಅದು?"

ಕಿಡಿಯ ಕೈಯಲ್ಲಿದ್ದ ಸ್ಪ್ಯಾನರ್ ಹಾಗೇ ನಿಂತಿತು.

ಟ್ಯಾಕ್ಸಿ ಅಕ್ಕ! ಆ ಊರಿನಲ್ಲಿ ಟ್ಯಾಕ್ಸಿ ಓಡಿಸಿದ ಮೊದಲ ಹೆಂಗಸು. ಗಂಡ ತೀರಿಕೊಂಡ ಮೂರನೇ ತಿಂಗಳಿಗೆ ಅವನ ಕಾರಿನ ಕೀ ಕೈಗೆತ್ತಿಕೊಂಡು, ಮೂವತ್ತು ವರ್ಷ ರೈಲು ನಿಲ್ದಾಣದ ಸಾಲಿನಲ್ಲಿ ಗಂಡಸರ ನಡುವೆ ಕಾರು ನಿಲ್ಲಿಸಿದವರು. ಹುಡುಗಿಯಾಗಿದ್ದಾಗ ಕಿಡಿ ಶಾಲೆಗೆ ಹೋಗುವ ದಾರಿ ಬಿಟ್ಟು ಸುತ್ತು ಹಾಕಿಕೊಂಡು ಹೋಗುತ್ತಿದ್ದಳು, ಅವರು ಬಾನೆಟ್ ಎತ್ತಿ ನಿಂತಿರುವುದನ್ನು ನೋಡಲಿಕ್ಕೆ. ಹೆಂಗಸು ಬಾನೆಟ್ ಎತ್ತಬಹುದು ಎಂದು ಅವಳಿಗೆ ಗೊತ್ತಾದದ್ದೇ ಅಲ್ಲಿ.

ಕಾರು ತಂದವನು ಅವರ ಮಗ. ನಗರದ ನೀರು ಸರಬರಾಜು ಕಚೇರಿಯಲ್ಲಿ ಪೈಪುಗಳ ನಕ್ಷೆ ಬರೆಯುವವನು. ಮಾತು ಕಡಿಮೆ, ಅಕ್ಷರ ಅಚ್ಚುಕಟ್ಟು. ಬಂದ ವಿಷಯವನ್ನು ಅವನು ಐದೇ ವಾಕ್ಯದಲ್ಲಿ ಹೇಳಿ ಮುಗಿಸಿದ. ಹಳೆಯ ಕಾರುಗಳ ಸಂಘದ ಮೆರವಣಿಗೆಗೆ ಇನ್ನು ಇಪ್ಪತ್ತನಾಲ್ಕು ದಿನ. ಕಳೆದ ವರ್ಷ ಅಮ್ಮನ ಕಾರು ನಡುದಾರಿಯಲ್ಲಿ ನಿಂತು, ಹಿಂದಿನ ಇಪ್ಪತ್ತು ಕಾರುಗಳೂ ನಿಂತು, ಕೊನೆಗೆ ಹಗ್ಗ ಕಟ್ಟಿ ಎಳೆಸಿದ್ದರು. ಅಮ್ಮ ಅವತ್ತು ಸ್ಟೀರಿಂಗ್ ಹಿಡಿದು ನೇರ ನೋಡುತ್ತ ಕೂತಿದ್ದರಂತೆ, ಮನೆಗೆ ಬರುವವರೆಗೂ ತುಟಿ ಬಿಚ್ಚಲಿಲ್ಲವಂತೆ. ಈ ವರ್ಷ ಸಂಘದವರು ಒಂದು ಹಾಳೆ ಕೊಟ್ಟಿದ್ದಾರೆ. ಹದಿನಾರು ಕಿಲೋಮೀಟರು ನಿಲ್ಲದೆ ಓಡುತ್ತದೆ ಎಂದು ಮೆಕ್ಯಾನಿಕ್ ಒಬ್ಬರು ಸಹಿ ಹಾಕಬೇಕು.

ನಲವತ್ತು ವರ್ಷ ಅಂಥ ಹಾಳೆಗಳಿಗೆಲ್ಲ ಸಹಿ ಹಾಕಿದವರು ಅಪ್ಪ. ಅವರು ಹಾಳೆಯನ್ನು ನೋಡಿದರು, ಮಗಳತ್ತ ಸರಿಸಿದರು.

"ಇನ್ನು ಮೇಲೆ ಇದು ನಿನ್ನದು."

ಅದರ ಭಾರ ಅವಳಿಗೆ ಗೊತ್ತಿತ್ತು. ಅಪ್ಪನ ಕೈ ನಿಂತ ಮೇಲೆ ಆ ಗ್ಯಾರೇಜಿನ ಕಥೆ ಮುಗಿಯಿತು ಎಂದು ಮೇಲಿನ ಬೀದಿಯ ಗ್ಯಾರೇಜಿನವನು ಊರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದ. ಅವಳ ಮೊದಲ ಸಹಿ ಬಿದ್ದ ಕಾರು ಮೆರವಣಿಗೆಯಲ್ಲಿ ನಿಂತರೆ, ಆಮೇಲೆ ಹಳೆಯ ಕಾರು ಹಿಡಿದುಕೊಂಡು ಅವಳ ಬಾಗಿಲಿಗೆ ಯಾರೂ ಬರುವುದಿಲ್ಲ.

"ಮಾಡ್ತೀನಿ," ಎಂದಳು. "ಆದರೆ ನನ್ನದೊಂದು ಪದ್ಧತಿ ಇದೆ. ತಪ್ಪು ಎಲ್ಲಿದೆ ಅಂತ ಸಾಬೀತಾಗದೆ ಒಂದು ಸ್ಕ್ರೂ ಕೂಡ ಬದಲಿಸೋದಿಲ್ಲ. ಒಂದು ಸಲಕ್ಕೆ ಒಂದೇ ಪರೀಕ್ಷೆ. ಅಲ್ಲಿಯ ತನಕ ಬೇರೆ ಯಾರ ಕೈಯೂ ಬಾನೆಟ್ ಒಳಗೆ ಹೋಗಬಾರದು. ನಿಮ್ಮದೂ, ನಿಮ್ಮ ಅಮ್ಮನದೂ."

ಅವತ್ತೇ ಸಂಜೆ ಟ್ಯಾಕ್ಸಿ ಅಕ್ಕ ತಾವೇ ನಡೆದು ಬಂದರು. ಅರವತ್ತೆಂಟರ ವಯಸ್ಸಿನಲ್ಲೂ ಬೆನ್ನು ನೆಟ್ಟಗೆ. ಕಿಡಿಯ ಅಂಗೈ ತಿರುಗಿಸಿ ಅಲ್ಲಿನ ಗಾಯದ ಗುರುತುಗಳನ್ನು ನೋಡಿ, "ಇದು ಕೆಲಸ ಮಾಡೋ ಕೈ" ಎಂದರು. ಕಾರು ಮುಟ್ಟುವುದಿಲ್ಲ ಎಂದು ಮಾತು ಕೊಟ್ಟು ಹೋದರು.

*

ಗ್ಯಾರೇಜಿನಲ್ಲಿ ಕಾರು ಮಹಾ ಸಂಭಾವಿತ. ಬೆಳಗಿನಿಂದ ಮಧ್ಯಾಹ್ನದವರೆಗೆ ಎಂಜಿನ್ ಓಡಿಸಿಟ್ಟರೂ ಕೆಮ್ಮಲಿಲ್ಲ. ರಸ್ತೆಗೆ ಇಳಿದರೆ ಮಾತ್ರ ಅದರ ಮನಸ್ಸು. ಒಂದು ದಿನ ಎರಡು ಸಲ ನಿಲ್ಲುವುದು, ಮುಂದಿನ ಎರಡು ದಿನ ನಿಲ್ಲುವುದೇ ಇಲ್ಲ. ನಿಲ್ಲುವ ಮುಂಚೆ ಒಂದು ಜಗ್ಗು. ಕ್ಲಚ್ ಒತ್ತಿ ಬದಿಗೆ ಸರಿಯುವಷ್ಟರಲ್ಲಿ ಎಂಜಿನ್ ಸತ್ತಿರುತ್ತದೆ.

ಎಂಜಿನ್ನಿನೊಳಗೆ ಬೆಂಕಿಯ ಕಿಡಿ ಹಾರುವುದು ನಿಲ್ಲುತ್ತಿದೆ, ಅಷ್ಟು ಖಚಿತ. ಯಾಕೆ ನಿಲ್ಲುತ್ತಿದೆ? ಬ್ಯಾಟರಿಯಿಂದ ಕರೆಂಟು ಬರುವ ದಾರಿಯಲ್ಲೋ, ಅದನ್ನು ಸಾವಿರಾರು ವೋಲ್ಟಿಗೆ ಏರಿಸುವ ಕಾಯಿಲ್‌ನಲ್ಲೋ, ಸರಿಯಾದ ಕ್ಷಣಕ್ಕೆ ಕಿಡಿಯನ್ನು ಹಂಚುವ ಡಿಸ್ಟ್ರಿಬ್ಯೂಟರ್‌ನಲ್ಲೋ?

ಮೊದಲು ದಾರಿ. ಬ್ಯಾಟರಿಯಿಂದ ಕಾಯಿಲ್‌ಗೆ ನೇರವಾಗಿ ಒಂದು ಹೊಸ ವೈರ್ ಎಳೆದಳು. ಕೀ, ಹಳೆಯ ವೈರುಗಳು ಎಲ್ಲ ಪಕ್ಕಕ್ಕೆ. ಎಂಟು ದಿನ ಹೀಗೇ ಓಡಿಸಿ ಎಂದು ಒಂದು ನೋಟ್‌ಬುಕ್ ಕೊಟ್ಟಳು. ಎಲ್ಲಿ ನಿಂತಿತು, ಯಾವ ಗೇರಿನಲ್ಲಿತ್ತು, ಕಾಲು ಎಷ್ಟು ಒತ್ತಿತ್ತು, ಎಲ್ಲ ಬರೆಯಬೇಕು.

ನಕ್ಷೆಯವನು ಬರೆದ. ಅವಳು ಕೇಳಿದ್ದಕ್ಕಿಂತ ಹೆಚ್ಚು ಬರೆದ. "ಗ್ರಂಥಾಲಯದ ಗೇಟಿನಿಂದ ಹನ್ನೊಂದು ಹೆಜ್ಜೆ ಮುಂದೆ. ಮೂರನೇ ಗೇರು. ಕಾಲು ಹಗುರ." ಇನ್ನೊಂದು ಕಡೆ, "ಹಿಂದಿನ ಬಸ್ಸಿನವನು ನನ್ನ ಇಡೀ ವಂಶವನ್ನು ನೆನೆಸಿಕೊಂಡ." ಅವಳು ಓದಿ ನಕ್ಕಳು. ಅವಳು ನಕ್ಕಿದ್ದನ್ನು ಅಪ್ಪ ಕುರ್ಚಿಯಿಂದಲೇ ಗಮನಿಸಿ, ಏನೂ ಗಮನಿಸದವರಂತೆ ಪತ್ರಿಕೆ ಮಡಚಿದರು.

ಪ್ರತಿ ಸಂಜೆ ಐದೂವರೆಗೆ ಅವನು ಬಂದು ನೋಟ್‌ಬುಕ್ ಕೊಡುತ್ತಿದ್ದ. ಮೊದಲು ಐದು ನಿಮಿಷ ನಿಲ್ಲುತ್ತಿದ್ದ. ಆಮೇಲೆ ಅರ್ಧ ಗಂಟೆ. ನೆಲದ ಕೆಳಗೆ ಕಾಣದೆ ಸೋರುವ ಪೈಪನ್ನು ಹೇಗೆ ಹುಡುಕುತ್ತಾರೆ ಎಂದು ಅವನು ಹೇಳಿದ. ಊಹೆಯ ಮೇಲೆ ರಸ್ತೆ ಅಗೆಯುವವರನ್ನು ಕಂಡರೆ ತನಗೆ ಮೈ ಉರಿಯುತ್ತದೆ ಎಂದ. ಅವಳು ಕೆಲಸ ನಿಲ್ಲಿಸಿ ಅವನ ಮುಖ ನೋಡಿದಳು. ಊಹೆಯನ್ನು ತನ್ನಷ್ಟೇ ದ್ವೇಷಿಸುವ ಇನ್ನೊಬ್ಬ ಮನುಷ್ಯನನ್ನು ಅವಳು ಅದುವರೆಗೆ ನೋಡಿರಲಿಲ್ಲ.

'ಇವರು ನಾಳೆ ಬರದಿದ್ದರೆ...' ಎಂಬ ಯೋಚನೆ ಬಂದು ಅವಳು ತನಗೆ ತಾನೇ ಗದರಿಕೊಂಡಳು. ಐದೂವರೆ ಆಗುವ ಮುಂಚೆ ಮುಖ ತೊಳೆಯುವ ಅಭ್ಯಾಸ ಮಾತ್ರ ನಿಲ್ಲಲಿಲ್ಲ.

*

ಒಂಬತ್ತನೇ ದಿನ ಲೆಕ್ಕ ಸ್ಪಷ್ಟವಾಗಿತ್ತು. ಹೊಸ ವೈರಿನಲ್ಲೂ ಐದು ಸಲ ನಿಂತಿದೆ, ಹಾಗಾಗಿ ಹಳೆಯ ಕರೆಂಟಿನ ದಾರಿ ಸರಿಯಿದೆ. ಮುಂದಿನದು ಬಲ್ಬಿನ ಪರೀಕ್ಷೆ. ಕಾಯಿಲ್‌ನಿಂದ ಒಂದು ಚಿಕ್ಕ ಬಲ್ಬಿಗೆ ವೈರ್ ಎಳೆದು ಸ್ಟೀರಿಂಗ್ ಪಕ್ಕ ಇಟ್ಟರೆ, ಎಂಜಿನ್ ನಿಲ್ಲುವ ಗಳಿಗೆಯಲ್ಲಿ ಬಲ್ಬು ಮಿಣುಕುತ್ತದೋ, ಆರುತ್ತದೋ, ಉರಿದೇ ಇರುತ್ತದೋ ಎಂಬುದರಿಂದ ತಪ್ಪು ಯಾವ ಕಡೆಯದೆಂದು ತಿಳಿಯುತ್ತದೆ.

ಬಾನೆಟ್ ಎತ್ತಿದಳು. ಎತ್ತಿದವಳು ಹಾಗೇ ನಿಂತಳು.

ಕಾಯಿಲ್ ಬೇರೆಯದಾಗಿತ್ತು. ಹಳೆಯದರ ತಳದಲ್ಲಿ ತುಕ್ಕಿನ ಉಂಗುರವಿತ್ತು, ಇದರಲ್ಲಿ ಇರಲಿಲ್ಲ. ನಟ್ಟಿನ ಮೂಲೆಗಳಲ್ಲಿ ಸ್ಪ್ಯಾನರಿನ ಹೊಸ ಗೀರು. ವೈರಿಗೆ ಹೊಸ ಕಪ್ಪು ಟೇಪು, ಅದರ ತುದಿಯನ್ನು ಕಿವಿಯಂತೆ ಮಡಚಿ ಬಿಟ್ಟಿದ್ದರು.

"ಯಾರು ಮುಟ್ಟಿದ್ದು?"

ಅವನು ಒಂದು ಹೆಜ್ಜೆ ಹಿಂದೆ ಸರಿದ.

"ಮೇಲಿನ ಬೀದಿಯ ಗ್ಯಾರೇಜಿಗೆ ಹೋಗಿದ್ರಾ?"

"ಇಲ್ಲ."

"ಮತ್ತೆ ಯಾರು?"

"ನನ್ನ ಜವಾಬ್ದಾರಿ ಅಂದುಕೊಳ್ಳಿ."

"ನಿಮಗೆ ಯಾವ ನಟ್ಟು ಯಾವ ಕಡೆ ತಿರುಗುತ್ತೆ ಅಂತ ಗೊತ್ತಿಲ್ಲ. ಇದು ಪಳಗಿದ ಕೈ." ಅವಳ ದನಿ ಏರಲಿಲ್ಲ, ತಣ್ಣಗಾಯಿತು. "ನನ್ನ ಮೇಲೆ ನಂಬಿಕೆ ಇಲ್ಲದಿದ್ದರೆ ಮೊದಲ ದಿನವೇ ಹೇಳಬಹುದಿತ್ತು. ಎಂಟು ದಿನದ ನೋಟ್‌ಬುಕ್ಕಿನಲ್ಲಿ ಯಾವ ದಿನ ಯಾವ ಕಾಯಿಲ್ ಇತ್ತು ಅಂತ ಈಗ ನನಗೆ ಗೊತ್ತಿಲ್ಲ. ಅದನ್ನು ಇನ್ನು ರದ್ದಿಗೆ ಹಾಕಬೇಕು."

"ನಂಬಿಕೆ ಇಲ್ಲ ಅಂತಲ್ಲ..."

"ಹಾಗಾದರೆ ಹೇಳಿ."

ಅವನು ಅವಳ ಕಣ್ಣನ್ನೇ ನೋಡಿದ. ಬಾಯಿ ತೆರೆದ, ಮುಚ್ಚಿದ. ಅವಳು ಬಾನೆಟ್ ಇಳಿಸಿ, ಕೀ ಅವನ ಅಂಗೈಗೆ ಹಾಕಿ, ಒಳಗೆ ಹೋದಳು. ಮುಖ ತೊಳೆದಿದ್ದಕ್ಕೆ ಅವತ್ತು ಅವಳಿಗೆ ತನ್ನ ಬಗ್ಗೆಯೇ ನಾಚಿಕೆಯಾಯಿತು.

*

ನಾಲ್ಕು ದಿನ ಐದೂವರೆ ಬಂತು, ಹೋಯಿತು. ಸಂಘದ ಹಾಳೆ ಮೇಜಿನ ಮೇಲೆ ಹಾಗೇ ಬಿದ್ದಿತ್ತು. ಹಿಂದಕ್ಕೆ ಕೊಡಲು ಮನಸ್ಸಿಲ್ಲ, ಸಹಿ ಹಾಕಲು ಕಾರಿಲ್ಲ. ಅಪ್ಪ ಒಂದೇ ಮಾತು ಕೇಳಿದರು. ಅವನು ಬೇರೆ ಕಡೆ ಹೋದ ಎಂಬುದಕ್ಕೆ ನಿನ್ನ ಹತ್ತಿರ ಏನು ಸಾಕ್ಷಿ ಇದೆ? ಅವಳು ಕಾರ್ಬ್ಯುರೇಟರ್ ಒಂದನ್ನು ಬಿಚ್ಚತೊಡಗಿದಳು. ಅದಕ್ಕೆ ಯಾವ ಕಾಯಿಲೆಯೂ ಇರಲಿಲ್ಲ.

ಐದನೇ ದಿನ ಬೆಳಗ್ಗೆ ಗೇಟಿನ ಕೆಳಗೆ ಒಂದು ಸುರುಳಿ ಸಿಕ್ಕಿತು.

ಬಿಡಿಸಿದಳು. ನಗರದ ನಕ್ಷೆ. ನೀರಿನವರ ನಕ್ಷೆಯಾದ್ದರಿಂದ ಪ್ರತಿ ಬೀದಿಗೂ ಏರು ಎಷ್ಟು, ಇಳಿಜಾರು ಎಷ್ಟು ಎಂದು ಸಣ್ಣ ಬಾಣಗಳಲ್ಲಿ ಗುರುತಿಸಿತ್ತು. ಅದರ ಮೇಲೆ ಕೆಂಪು ಚುಕ್ಕಿಗಳು. ಎಂಟು ದಿನದ್ದು ಮಾತ್ರವಲ್ಲ, ಕಾರು ಹೋದ ವರ್ಷದಿಂದ ಎಲ್ಲೆಲ್ಲಿ ನಿಂತಿತ್ತೋ ಅವೆಲ್ಲ, ಮೂವತ್ತೊಂದು. ಪ್ರತಿಯೊಂದಕ್ಕೂ ತಾರೀಖು. ಒಂದು ಹಸಿರು ಗುರುತಿನ ಪಕ್ಕ ಅವನ ಅಚ್ಚುಕಟ್ಟಾದ ಅಕ್ಷರ. "ಆರನೇ ದಿನ, ಇಲ್ಲಿ ಕಾಯಿಲ್ ಬದಲಾಯಿತು. ಆಮೇಲೂ ಎರಡು ಸಲ ನಿಂತಿದೆ. ನಿಮ್ಮ ಎಂಟು ದಿನ ವ್ಯರ್ಥವಾಗಬಾರದು." ಬದಲಿಸಿದ್ದು ಯಾರೆಂದು ಇಲ್ಲೂ ಬರೆದಿರಲಿಲ್ಲ.

ಆಮೇಲೂ ನಿಂತಿದೆ. ಹಾಗಾದರೆ ಕಾಯಿಲ್ ನಿರಪರಾಧಿ.

ಅವಳು ನಕ್ಷೆಯನ್ನು ರಿಪೇರಿಗೆ ಬಂದಿದ್ದ ಇನ್ನೊಂದು ಕಾರಿನ ಬಾನೆಟ್ ಮೇಲೆ ಹರಡಿ ಬೆರಳಿಟ್ಟು ಒಂದೊಂದೇ ಚುಕ್ಕಿ ನೋಡಿದಳು. ನದಿ ದಂಡೆಯ ಸಮ ರಸ್ತೆಯಲ್ಲಿ ಒಂಬತ್ತು. ಗ್ರಂಥಾಲಯದ ಸಣ್ಣ ಇಳಿಜಾರಿನಲ್ಲಿ ಏಳು. ಆಸ್ಪತ್ರೆಯ ಕಡಿದಾದ ಏರಿನಲ್ಲಿ? ಒಂದೂ ಇಲ್ಲ. ದಿನಾ ಎರಡು ಸಲ ಹತ್ತುವ ಏರು ಅದು, ಒಂದು ಚುಕ್ಕಿಯೂ ಇಲ್ಲ!

ಕಾರು ಕಷ್ಟಪಡುವಾಗ ನಿಲ್ಲುತ್ತಿರಲಿಲ್ಲ. ಆರಾಮವಾಗಿ ಓಡುವಾಗ ನಿಲ್ಲುತ್ತಿತ್ತು. ಕಾಲು ಹಗುರ, ಕಾಲು ಹಗುರ, ಕಾಲು ಹಗುರ ಎಂದು ಅವನು ನೋಟ್‌ಬುಕ್ಕಿನಲ್ಲಿ ಮತ್ತೆ ಮತ್ತೆ ಬರೆದಿದ್ದ.

ಕಾಲು ಹಗುರವಾಗಿದ್ದಾಗ ಮಾತ್ರ ಎಂಜಿನ್ ಒಳಗೆ ಏನು ನಡೆಯುತ್ತದೆ? ಎಂಜಿನ್ ಗಾಳಿ ಹೀರುವ ಎಳೆತಕ್ಕೆ ಒಂದು ಸಣ್ಣ ರಬ್ಬರ್ ಕೊಳವೆ ಡಿಸ್ಟ್ರಿಬ್ಯೂಟರ್ ಒಳಗಿನ ತಟ್ಟೆಯನ್ನು ಕೂದಲೆಳೆಯಷ್ಟು ತಿರುಗಿಸುತ್ತದೆ. ಏರಿನಲ್ಲಿ ಕಾಲು ಜೋರಾಗಿ ಒತ್ತಿದರೆ ಎಳೆತ ಇರುವುದಿಲ್ಲ, ತಟ್ಟೆ ಕದಲುವುದಿಲ್ಲ. ಗ್ಯಾರೇಜಿನಲ್ಲಿ ಸುಮ್ಮನೆ ಓಡಿಸಿಟ್ಟರೂ ಕದಲುವುದಿಲ್ಲ. ಆ ತಟ್ಟೆಯ ಮೇಲೆ ಹೆಬ್ಬೆರಳಿನಷ್ಟು ಉದ್ದದ ಒಂದು ವೈರ್ ಇದೆ. ತಟ್ಟೆ ತಿರುಗಿದಾಗಲೆಲ್ಲ ಅದು ಬಾಗುತ್ತದೆ. ಐವತ್ತೈದು ವರ್ಷದಿಂದ ಬಾಗುತ್ತಿದೆ.

ಬಲ್ಬು, ವೈರು ಚೀಲಕ್ಕೆ ತುಂಬಿಕೊಂಡು ಅವಳು ಹೊರಟಳು.

*

ಬಾಗಿಲು ತೆರೆದವರು ಟ್ಯಾಕ್ಸಿ ಅಕ್ಕ. ಮಗ ಕಚೇರಿಗೆ ಹೋಗಿದ್ದಾನೆ ಎಂದರು. ಅವರ ಕೈಯಲ್ಲಿ ಮುರಿದ ಹಿಡಿಕೆಯ ಕೊಡೆ ಇತ್ತು, ಅದಕ್ಕೆ ಕಪ್ಪು ಟೇಪು ಸುತ್ತುತ್ತಿದ್ದರು. ಕಿಡಿ ಕಾರಿನ ಕೀ ಕೇಳಲು ಬಾಯಿ ತೆರೆದವಳು ಆ ಕೈಯನ್ನೇ ನೋಡುತ್ತ ನಿಂತಳು. ಟೇಪು ಹರಿದು, ಕೊನೆಗೆ ತುದಿಯನ್ನು ಕಿವಿಯಂತೆ ಮಡಚಿ ಬಿಟ್ಟರು.

ಟ್ಯಾಕ್ಸಿ ಅಕ್ಕ ಅವಳ ನೋಟವನ್ನು ಹಿಂಬಾಲಿಸಿದರು. ಕೊಡೆಯನ್ನು ನಿಧಾನಕ್ಕೆ ಕೆಳಗಿಟ್ಟರು.

"ತುದಿ ಮಡಚಿಟ್ಟರೆ ಅವಸರದಲ್ಲಿ ಬಿಚ್ಚೋಕೆ ಸುಲಭ. ಸ್ಟ್ಯಾಂಡಿನಲ್ಲಿ ಕಲಿತದ್ದು," ಎಂದರು. ಆಮೇಲೆ, "ಡಿಕ್ಕಿಯಲ್ಲಿ ಒಂದು ಕಾಯಿಲ್ ಯಾವಾಗಲೂ ಇಟ್ಟುಕೊಂಡಿರ್ತೀನಿ. ಅವತ್ತು ಕಾರು ನಿಂತಾಗ ಕಳೆದ ವರ್ಷದ ಹಗ್ಗ ನೆನಪಾಯ್ತು ಕಣಮ್ಮ. ಮನಸ್ಸು ತಡೀದೆ ಬದಲಿಸಿಬಿಟ್ಟೆ. ನಿನಗೆ ಮಾತು ಕೊಟ್ಟು ಮುರಿದೆ. ನೀನು ನನ್ನನ್ನ ಎಷ್ಟು ದೊಡ್ಡವಳಾಗಿ ನೋಡ್ತೀಯ ಅಂತ ಗೊತ್ತಿತ್ತಲ್ಲ, ಅದಕ್ಕೇ ಅವಳಿಗೆ ಹೇಳಬೇಡ ಅಂತ ಅವನ ಹತ್ತಿರ ಆಣೆ ಹಾಕಿಸಿಕೊಂಡೆ."

ಕಿಡಿಗೆ ಅವತ್ತು ಬಾನೆಟ್ ಮುಂದೆ ನಿಂತಿದ್ದವನು ನೆನಪಾದ. ಆ ಮುಖ, ತೆರೆದು ಮುಚ್ಚಿದ ಆ ಬಾಯಿ... ಅವನು ತನ್ನನ್ನು ನಂಬದೆ ಸುಮ್ಮನಾದದ್ದಲ್ಲ. ಅಮ್ಮನ ತಲೆ ತಗ್ಗಬಾರದೆಂದು ಸುಮ್ಮನಾಗಿ, ಕಿಡಿಯ ಬೈಗುಳವನ್ನೂ ಹೊತ್ತುಕೊಂಡು ಹೋದವನು.

"ನೀವು ಹಾಕಿದ ಕಾಯಿಲಿಂದಲೇ ಹಳೆಯದು ಸರಿಯಿದೆ ಅಂತ ಸಾಬೀತಾಯ್ತು," ಎಂದಳು ಕಿಡಿ. ಅದು ಸಮಾಧಾನಕ್ಕೆ ಹೇಳಿದ್ದಲ್ಲ, ನಿಜವಾಗಿತ್ತು. "ಬನ್ನಿ, ಬಲ್ಬು ಹಿಡ್ಕೊಳ್ಳಿ."

ಇಬ್ಬರೂ ಅಂಗಳದಲ್ಲಿ ಬಾನೆಟ್ ಎತ್ತಿದರು. ಎಂಜಿನ್ನನ್ನು ಕೈಯಿಂದ ತಿರುಗಿಸಿ, ಡಿಸ್ಟ್ರಿಬ್ಯೂಟರ್ ಒಳಗೆ ಕರೆಂಟನ್ನು ಬಿಟ್ಟು ಹಿಡಿಯುವ ಪಾಯಿಂಟ್‌ಗಳು ಮುಚ್ಚಿರುವಂತೆ ನಿಲ್ಲಿಸಿ, ಬಲ್ಬು ಜೋಡಿಸಿದಳು. ಬಲ್ಬು ಆರಿತ್ತು, ಕರೆಂಟು ಆ ಪುಟ್ಟ ವೈರಿನಲ್ಲಿ ಹರಿಯುತ್ತಿರುವ ತನಕ ಹಾಗೇ ಇರಬೇಕಿತ್ತು. ರಬ್ಬರ್ ಕೊಳವೆಯ ತುದಿ ಬಾಯಿಗಿಟ್ಟು ಉಸಿರೆಳೆದಳು. ತಟ್ಟೆ ತಿರುಗಿತು.

ಬಲ್ಬು ಹೊತ್ತಿತು!

ಉಸಿರು ಬಿಟ್ಟಳು. ಆರಿತು. ಎಳೆದಳು, ಹೊತ್ತಿತು. ಹತ್ತು ಸಲ ಮಾಡಿದಳು, ಹತ್ತು ಸಲವೂ. ಆಮೇಲೆ ಆ ಪುಟ್ಟ ವೈರನ್ನು ಬಿಚ್ಚಿ ಬ್ಲೇಡಿನಿಂದ ಸೀಳಿದಳು. ಹೊರಗಿನ ಹೊದಿಕೆಗೆ ಒಂದು ಬಿರುಕಿಲ್ಲ. ಒಳಗಿನ ತಾಮ್ರದ ಎಳೆಗಳು ಒಂದೂ ಉಳಿಯದಂತೆ ತುಂಡಾಗಿದ್ದವು. ತಟ್ಟೆ ಮರಳಿದಾಗ ತುದಿಗಳು ಮುಟ್ಟಿಕೊಳ್ಳುತ್ತಿದ್ದವು, ತಿರುಗಿದಾಗ ಬಿಡುತ್ತಿದ್ದವು. ಒದ್ದೆ ಬಟ್ಟೆಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ಹತ್ತು ನಿಮಿಷ ಕಾದವರಿಗೆ, ಕಾಯುವ ಅಗತ್ಯವಿಲ್ಲ ಎಂದು ಗೊತ್ತಾಗಲು ದಾರಿಯೇ ಇರಲಿಲ್ಲ.

ಸಂಜೆ ಅವನು ಬರುವಷ್ಟರಲ್ಲಿ ಹೊಸ ವೈರ್ ಹಾಕಿ ಅವಳು ಹೊರಟುಹೋಗಿದ್ದಳು. ನೋಟ್‌ಬುಕ್ಕಿನಲ್ಲಿ ಒಂದು ಸಾಲು ಬರೆದಿಟ್ಟಿದ್ದಳು. "ಒಂದು ವಾರ ನದಿ ದಂಡೆಯಲ್ಲೇ ಓಡಿಸಿ. ಕಾಲು ಹಗುರ ಇರಲಿ."

ಒಂದು ವಾರ. ಒಂದು ಚುಕ್ಕಿಯೂ ಬೀಳಲಿಲ್ಲ.

ಅವಳು ಸಂಘದ ಹಾಳೆಗೆ ಸಹಿ ಹಾಕುವಾಗ ಅಪ್ಪ ಪಕ್ಕದಲ್ಲಿ ನಿಂತಿದ್ದರು. ತುಂಡಾದ ವೈರನ್ನು ನಡುಗುವ ಬೆರಳುಗಳಲ್ಲಿ ಹಿಡಿದು ಬೆಳಕಿಗೆ ಎತ್ತಿ ನೋಡಿದರು.

"ನಾನಾಗಿದ್ದರೆ ಹೊಸ ಕಾಯಿಲ್ ಹಾಕಿ ಕಳಿಸಿಬಿಡ್ತಿದ್ದೆ," ಎಂದರು. ಆಮೇಲೆ ವೈರನ್ನು ಜೇಬಿಗೆ ಹಾಕಿಕೊಂಡರು. ಅವತ್ತಿನಿಂದ ಗ್ಯಾರೇಜಿಗೆ ಬಂದವರಿಗೆಲ್ಲ ಅದನ್ನು ತೋರಿಸುವುದೇ ಅವರ ಕೆಲಸವಾಯಿತು.

*

ಮೆರವಣಿಗೆಯ ಬೆಳಗ್ಗೆ ನಲವತ್ತಮೂರು ಕಾರುಗಳು ಸಾಲಾಗಿ ನಿಂತಿದ್ದವು. ಸಂಘದ ಕಾರ್ಯದರ್ಶಿ ಹಾಳೆಯ ಮೇಲಿನ ಸಹಿ ನೋಡಿ, ಇದು ಅಪ್ಪನ ಸಹಿ ಅಲ್ಲವಲ್ಲ ಎಂದರು. ಸ್ಟೀರಿಂಗ್ ಹಿಂದಿನಿಂದ ಟ್ಯಾಕ್ಸಿ ಅಕ್ಕ ಉತ್ತರ ಕೊಟ್ಟರು.

"ಅಲ್ಲ. ಅದಕ್ಕಿಂತ ಗಟ್ಟಿ ಸಹಿ."

ಮೆಕ್ಯಾನಿಕ್ ಪಕ್ಕದಲ್ಲೇ ಕೂರಬೇಕು ಎಂದು ಅವರು ಹಟ ಹಿಡಿದು ಕಿಡಿಯನ್ನು ಮುಂದೆ ಕೂರಿಸಿಕೊಂಡರು. ಮಗ ಹಿಂದೆ. ಕಾರು ನದಿ ದಂಡೆಯ ರಸ್ತೆಗೆ ಇಳಿಯಿತು. ಒಂಬತ್ತು ಚುಕ್ಕಿಗಳ ಜಾಗ. ಕಿಡಿ ಮನಸ್ಸಿನಲ್ಲೇ ಎಣಿಸಿದಳು. ಏಳು... ಎಂಟು... ಒಂಬತ್ತು. ಎಂಜಿನ್ನಿನ ದನಿ ಒಂದಿಷ್ಟೂ ಹೆಚ್ಚುಕಡಿಮೆಯಾಗಲಿಲ್ಲ. ಗ್ರಂಥಾಲಯದ ಇಳಿಜಾರಿನಲ್ಲಿ ಟ್ಯಾಕ್ಸಿ ಅಕ್ಕ ಬೇಕೆಂದೇ ಕಾಲು ಇನ್ನಷ್ಟು ಹಗುರ ಮಾಡಿದರು. ಕಾರು ನೀರಿನ ಹಾಗೆ ಇಳಿಯಿತು. ಮೇಲಿನ ಬೀದಿಯ ಗ್ಯಾರೇಜಿನವನು ರಸ್ತೆ ಬದಿಯಲ್ಲಿ ಕೈ ಕಟ್ಟಿ ನಿಂತಿದ್ದ. ಅವನ ಮುಂದೆ ಅವರು ಒಮ್ಮೆ, ಉದ್ದಕ್ಕೆ, ಹಾರನ್ ಹೊಡೆದರು.

ಹದಿನಾರನೇ ಕಿಲೋಮೀಟರಿನ ಮೈದಾನದಲ್ಲಿ ಜನ ಅವರನ್ನು ಸುತ್ತಿಕೊಂಡರು. ಬಾನೆಟ್ ಎತ್ತಿ, ಬೆನ್ನು ನೆಟ್ಟಗೆ ಮಾಡಿ, ಟ್ಯಾಕ್ಸಿ ಅಕ್ಕ ಎಲ್ಲರಿಗೂ ಡಿಸ್ಟ್ರಿಬ್ಯೂಟರ್ ತೋರಿಸುತ್ತಿದ್ದರು. ನಕ್ಷೆಯವನು ಮತ್ತು ಕಿಡಿ ಡಿಕ್ಕಿಯ ಬಳಿ ಉಳಿದರು.

ಅವಳೇ ಮೊದಲು ಮಾತಾಡಿದಳು. ಅವನ ಕಡೆ ನೋಡದೆ.

"ಸಾಬೀತಾಗದೆ ಏನನ್ನೂ ತೆಗೆದು ಹಾಕಲ್ಲ ಅಂತ ಜಂಬ ಕೊಚ್ಚಿಕೊಳ್ಳೋಳು ನಾನು. ಸಾಕ್ಷಿ ಇಲ್ಲದೆ ತೆಗೆದು ಹಾಕಿದ್ದು ನಿಮ್ಮೊಬ್ಬರನ್ನೇ. ತಪ್ಪಾಯ್ತು."

"ಹೇಳಿಬಿಡೋಣ ಅಂತ ಬಾಯಿ ತನಕ ಬಂದಿತ್ತು. ಆದರೆ ಅದು ಅಮ್ಮನ ಗುಟ್ಟು. ನನ್ನದಾಗಿದ್ದರೆ ಅವತ್ತೇ ಹೇಳ್ತಿದ್ದೆ."

"ನಿಮ್ಮದು ಅಂತ ಏನಾದರೂ ಇದೆಯಾ?"

ಅವನು ಜೇಬಿನಿಂದ ಆ ನೋಟ್‌ಬುಕ್ ತೆಗೆದ. ಕಾರು ನಿಲ್ಲದೇ ಹೋದ ವಾರದ ಪುಟಗಳು. ಎಲ್ಲ ದಿನವೂ ಬರೆದಿದ್ದ. "ಸೋಮವಾರ. ನಿಲ್ಲಲಿಲ್ಲ. ಐದೂವರೆಗೆ ಗ್ಯಾರೇಜಿನ ತಿರುವಿನ ತನಕ ಹೋಗಿ ಬಂದೆ." "ಮಂಗಳವಾರ. ನಿಲ್ಲಲಿಲ್ಲ. ತಿರುವಿನ ತನಕ." "ಬುಧವಾರ. ಕಾರು ನಿಲ್ಲಲಿಲ್ಲ. ನಾನು ನಿಂತಿದ್ದೆ, ಅರ್ಧ ಗಂಟೆ."

ಅವಳು ಕೊನೆಯ ಪುಟದವರೆಗೆ ಓದಿದಳು. ಕಿವಿಯ ಹಿಂದಿನ ಪೆನ್ಸಿಲ್ ತೆಗೆದು, ಕೊನೆಯ ಸಾಲಿನ ಕೆಳಗೆ ಏನೋ ಬರೆದು, ನೋಟ್‌ಬುಕ್ಕನ್ನು ಅವನ ಕೈಗಿಟ್ಟಳು.

"ಐದೂವರೆಗೆ ಒಳಗೇ ಬನ್ನಿ," ಎಂದು ಬರೆದಿತ್ತು. ಕೆಳಗೆ ಸಹಿ. ಸಂಘದ ಹಾಳೆಯ ಮೇಲಿದ್ದ ಅದೇ ಸಹಿ.

ಅವನು ಸಹಿಯ ಮೇಲೆ ಬೆರಳಾಡಿಸಿದ.

"ಎಷ್ಟು ದಿನ ಬರಬೇಕು?"

"ನಾನು ಹೇಳಿಲ್ವಾ, ಒಂದು ಸಲಕ್ಕೆ ಒಂದೇ ಪರೀಕ್ಷೆ. ತುಂಬಾ ನಿಧಾನ."

"ನನಗೇನೂ ಅವಸರ ಇಲ್ಲ."

"ನನಗೆ ಇದೆ," ಎಂದಳು ಕಿಡಿ, ಅವತ್ತು ಮೊದಲ ಸಲ ಅವನ ಕಣ್ಣು ನೋಡಿ. "ಇವತ್ತಿಂದಲೇ ಬನ್ನಿ."